ಮಗು ಬರೋ ಹೊತ್ತು

ಬೀದಿಯ ತಿರುವಿನಿಂದ ನೋಡಿದಾಗಲೇ ಅವಳ ಎದೆ ಧಸಕ್ಕೆಂದಿತು.

ಮೂರನೇ ಮಹಡಿಯ ತನ್ನ ಮನೆಯ ಅಷ್ಟೂ ಕಿಟಕಿಗಳಲ್ಲಿ ಬೆಳಕು! ಹೋದ ಚಳಿಗಾಲ ಅಮ್ಮ ತೀರಿಕೊಂಡ ಸಂಜೆ, ಅಕ್ಕಪಕ್ಕದವರೆಲ್ಲ ನೆರೆದಿದ್ದಾಗ, ಮನೆ ಹೀಗೇ ಕಂಡಿತ್ತು...

ಲೈಬ್ರರಿಯಲ್ಲಿ ದಿನವಿಡೀ ನಿಂತು ದಣಿದ ಕಾಲುಗಳು ಮೆಟ್ಟಿಲುಗಳನ್ನು ಹೇಗೆ ಹತ್ತಿದವೋ! ಬಾಗಿಲು ತೆರೆದರೆ, ಅಪ್ಪ ಶಾಲು ಹೊದ್ದು ಹಾಯಾಗಿ ಕುಳಿತಿದ್ದರು. ಅಂದೇ ಕೆಲಸಕ್ಕೆ ಸೇರಿದ ನರ್ಸ್ ಅವರ ಉಗುರು ಕತ್ತರಿಸುತ್ತಿದ್ದ.

“ಏನ್ರೀ ಇದು? ಎಲ್ಲಾ ಲೈಟೂ ಯಾಕೆ ಹಾಕಿದ್ದೀರಿ? ಜೀವ ಬಾಯಿಗೆ ಬಂತು ನನಗೆ!”

“ಕತ್ತಲಾಗ್ತಿತ್ತು ಮೇಡಂ...”

“ಒಂದು ಸಾಕು!”

ಅಪ್ಪ ನರ್ಸ್ ಕಡೆ ಬಾಗಿ ಪಿಸುಗುಟ್ಟಿದರು. “ಯಾರಯ್ಯ ಈಕೆ? ಭಾರೀ ಜೋರಿದ್ದಾಳೆ!”

ಅವನು ನಗು ನುಂಗಿಕೊಂಡ. ಅವಳು ಒಂದನ್ನು ಬಿಟ್ಟು ಉಳಿದ ದೀಪಗಳನ್ನೆಲ್ಲ ಆರಿಸಿದಳು. ಅಪ್ಪ ಅವಳ ಗುರುತು ಮರೆತು ತಿಂಗಳುಗಳೇ ಆಗಿದ್ದವು. ಕೇಳುವವರೇ ಇಲ್ಲದ ಮೇಲೆ ಬೇಡುವುದೇಕೆ ಎಂದು ಅವಳು ದೇವರಿಗೆ ಕೈಮುಗಿಯುವುದನ್ನೂ ಬಿಟ್ಟಿದ್ದಳು.

ದಿನಗಳು ಕುಗ್ಗುತ್ತಾ ಹೋದವು. ಗಂಡು ನರ್ಸ್‌ಗಳನ್ನು ಎಲ್ಲರೂ ಕರೆಯುವಂತೆ ಅವಳೂ ಅವನನ್ನು ‘ಬ್ರದರ್’ ಎನ್ನುತ್ತಿದ್ದಳು. ಅವನು ಅವಳಿಗಾಗಿ ಟೀ ಮುಚ್ಚಿಟ್ಟಿರುತ್ತಿದ್ದ. ಒದ್ದೆಯಾದ ಕೈಗವಸುಗಳನ್ನು ಹೀಟರ್ ಬಳಿ ಹರವುತ್ತಿದ್ದ.

‘ಅಯ್ಯೋ, ಇವನ ಕೆಮ್ಮಿಗೂ ಕಿವಿಗೊಡ್ತಿದ್ದೀನಲ್ಲ... ಏನಾಗಿದೆ ನನಗೆ?’

ಆದರೆ ಲೈಟಿನ ವಿಷಯದಲ್ಲಿ ಮಾತ್ರ ಅವನು ಅವಳ ಮಾತು ಕೇಳಲಿಲ್ಲ. ದಿನವೂ ಅದೇ ಬೆಳಕು, ಅದೇ ಓಟ, ಮತ್ತೆ ಎಲ್ಲ ಆರಿಸುವುದು. ಒಂದು ಸಂಜೆ ಮೆಟ್ಟಿಲಲ್ಲಿ ಎಡವಿ ಮಂಡಿ ತರಚಿತು.

“ನನ್ನ ಹೆದರಿಕೆ ನಿಮಗೆ ತಮಾಷೆನಾ?”

“ಅಲ್ಲ... ಕಾರಣ ಹೇಳಿದ್ರೆ ನಿಮಗೆ ಇನ್ನೂ ನೋವಾಗುತ್ತೆ.”

“ನಾಳೆಯಿಂದ ಬರಬೇಡಿ!”

ಅವನು ಅಪ್ಪನ ಶಾಲು ಸರಿಪಡಿಸಿ ಹೊರಟುಹೋದ.

ಮರುದಿನ ರಜೆ ಹಾಕಿ ಅವಳೇ ಮನೆಯಲ್ಲಿ ಉಳಿದಳು. ಹೊತ್ತು ಮುಳುಗುತ್ತಿದ್ದಂತೆ ಅಪ್ಪ ಎದ್ದು ಗೋಡೆ ತಡಕತೊಡಗಿದರು.

“ಏನು ಬೇಕಪ್ಪಾ?”

“ಲೈಟ್ ಹಾಕಮ್ಮಾ, ಎಲ್ಲಾ ಹಾಕು! ಮಗು ಸ್ಕೂಲಿಂದ ಬರೋ ಹೊತ್ತಾಯ್ತು.”

“ಯಾವ... ಮಗು?”

“ನನ್ನ ಮಗಳು! ಮಹಾ ಪುಕ್ಕಲಿ. ಕತ್ತಲಿದ್ರೆ ಕೆಳಗೇ ನಿಂತು ಅಳ್ತಾಳೆ.”

ದಿನವೂ ಈ ಮನೆ ಬೆಳಗುತ್ತಿದ್ದದ್ದು ತನಗಾಗಿ! ದಿನವೂ ಬಂದು ಅದನ್ನು ಆರಿಸುತ್ತಿದ್ದವಳೂ ತಾನೇ!

ಒಂದೊಂದಾಗಿ ಎಲ್ಲ ದೀಪಗಳನ್ನೂ ಹಾಕಿದಳು. ‘ದೇವರೇ... ಇಷ್ಟಾದರೂ ಉಳಿಸಿದೆಯಲ್ಲ.’ ಈ ಸಲ ಬೇಡಲಿಕ್ಕೆ ಅವಳಲ್ಲಿ ಏನೂ ಇರಲಿಲ್ಲ. ಅಳುತ್ತಲೇ ಕೈಮುಗಿದಳು.

“ನೀನ್ಯಾಕಮ್ಮ ಅಳ್ತೀ? ಯಾರು ನೀನು?”

“ನಾನೂ... ಅವಳಿಗೇ ಕಾಯ್ತಿದ್ದೀನಿ.”

“ಹಾಗಾದ್ರೆ ಕೂತ್ಕೋ. ಬರ್ತಾಳೆ.” ಅಪ್ಪ ಅರ್ಧ ಶಾಲನ್ನು ಅವಳಿಗೂ ಹೊದಿಸಿದರು.

ಅಪ್ಪನಿಗೆ ಜೊಂಪು ಹತ್ತಿದ ಮೇಲೆ ಫೋನ್ ಮಾಡಿದಳು.

“ಬ್ರದರ್...”

“ಅದೊಂದು ಬಿಟ್ಟು ಬೇರೆ ಏನಂತ ಕರೆದ್ರೂ ಬರ್ತೀನಿ ಮೇಡಂ.”

ಬಂದೇಬಿಟ್ಟ. ತಲೆಗೂದಲ ಮೇಲೆ ಮಂಜಿನ ಹನಿ, ಓಡಿಬಂದ ಏದುಸಿರು.

“ಯಾಕೆ ಹೇಳಲಿಲ್ಲ ನನಗೆ?”

“ಎದುರಿಗಿರೋ ಮಗಳನ್ನ ಬಿಟ್ಟು ಆ ಪುಟ್ಟ ಮಗೂಗೆ ಕಾಯ್ತಾರೆ ಅಂತ... ಯಾವ ಬಾಯಲ್ಲಿ ಹೇಳ್ಲಿ?”

“ತಪ್ಪಾಯ್ತು ನಂದು. ಹೋಗಬೇಡಿ.”

“ಅಪ್ಪನಿಗೋಸ್ಕರನಾ?”

“ಅಪ್ಪ ಇರೋವರೆಗೂ... ಅಪ್ಪನಿಗೋಸ್ಕರ.”

ಆ ಕಾಲ ಹೆಚ್ಚಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

“ಆಮೇಲೆ?”

“ಆಮೇಲೂ ಹೋಗಬೇಡಿ.”

ಅವನು ಷೂ ಬಿಚ್ಚಿ ಅವಳ ಚಪ್ಪಲಿಯ ಪಕ್ಕ ಇಟ್ಟ.

“ಚಳಿ ಒಳಗೆ ಬರ್ತಿದೆ... ಬಾಗಿಲು ಹಾಕು,” ಎಂದ, ಮೊದಲ ಸಲ ‘ಮೇಡಂ’ ಬಿಟ್ಟು.

“ಹಾಕ್ತೀನಿ. ನೀನು ಮೊದಲು ಒಳಗೆ ಬಾ.”