ಬಲಗಡೆಯ ಮಾತು

ಕಾರ್ಖಾನೆಯ ಯಜಮಾನರು ನೆಲದ ಮೇಲೆ ಬಿದ್ದಿರುವುದನ್ನು ಕಂಡು ಕೂಗಿಕೊಂಡವರು ಮಹಡಿ ಮನೆಯ ಮೇಷ್ಟ್ರು. ಎಡಗಣ್ಣಿನ ಪಕ್ಕ, ಕಣತಲೆಗೆ ಬಲವಾದ ಪೆಟ್ಟು ಬಿದ್ದಿತ್ತು. ಬಲಗೈ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಮೇಜಿನ ಮೇಲೆ ಪ್ಲಾಸ್ಟರಿನ ಅಚ್ಚೊಂದು ಚೂರುಚೂರಾಗಿತ್ತು, ಪಕ್ಕದಲ್ಲೇ ಸುತ್ತಿಗೆ. ಮೇಷ್ಟ್ರು ಗಾಬರಿಯಿಂದ ಬಗ್ಗಿ, "ಯಾರು ಮಾಡಿದ್ದು ಇದನ್ನ?" ಎಂದರು. ಯಜಮಾನರು ಕಷ್ಟಪಟ್ಟು ಬಾಯಿ ತೆರೆದು "ಅಕ್ಕ" ಎಂದರು.

ಶಾಲೆ ಕಾಲೇಜುಗಳಿಗೆ ಮೆದುಳಿನ ಮಾದರಿ ಮಾಡಿ ಕೊಡುವ ಕಾರ್ಖಾನೆ ಅದು. ಅಕ್ಕ ಎಂದರೆ ಯಜಮಾನರ ಒಡಹುಟ್ಟಿದ ಅಕ್ಕ. ಮಾದರಿಗಳಿಗೆ ಬಣ್ಣ ಹಚ್ಚುವುದು ಅವರ ಕೆಲಸ: ಯೋಚನೆ ಮಾಡುವ ಮುಂಭಾಗಕ್ಕೆ ಹಳದಿ, ನೋಟದ ಹಿಂಭಾಗಕ್ಕೆ ಹಸಿರು, ಮೈಯ ಸಮತೋಲ ತಪ್ಪದಂತೆ ಕಾಯುವ ಕಿರುಮೆದುಳಿಗೆ ಕಂದು. ಅವತ್ತು ಬೆಳಿಗ್ಗೆ ಅಕ್ಕ ತಮ್ಮನಿಗೆ ದೊಡ್ಡ ಜಗಳವಾದದ್ದು ಬೀದಿಗೆಲ್ಲ ಕೇಳಿಸಿತ್ತು.

ಮೇಷ್ಟ್ರು "ಅಕ್ಕನೇ ಮಾಡಿದ್ದು ಅಂತ ಹೇಳಿದ್ರು" ಎಂದು ಇನ್‌ಸ್ಪೆಕ್ಟರ ಮುಂದೆ ಒಪ್ಪಿಸಿಬಿಟ್ಟರು. ಅಚ್ಚಿನ ಕೆಲಸದವನೂ ಅದಕ್ಕೆ ತಾಳ ಹಾಕಿದ. "ಮೇಷ್ಟ್ರಿಗಿಂತ ಮುಂಚೆ ನೋಡಿದ್ದು ನಾನೇ ಸಾರ್. 'ಬಣ್ಣದ ವಿಷಯಕ್ಕೆ ಜಗಳ ಆಯ್ತು ಕಣೋ, ಅಕ್ಕ ತಳ್ಳಿಬಿಟ್ಲು' ಅಂದ್ರು. ನಾನು ಗಾಡಿ ತರೋಕೆ ಓಡಿದೆ."

ಅಕ್ಕನನ್ನು ಕೇಳಿದರೆ, "ನನ್ನಿಂದಲೇ ಆಯ್ತು" ಎಂದದ್ದು ಬಿಟ್ಟರೆ ಎರಡನೇ ಮಾತಿಲ್ಲ. ಮಾರನೆಯ ದಿನ ಅವರನ್ನು ಠಾಣೆಗೆ ಕರೆದೊಯ್ಯುವುದೆಂದು ತೀರ್ಮಾನವಾಯಿತು.

ಮೇಷ್ಟ್ರು ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು. ಆ ಹೆಂಗಸು ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು. ತನ್ನದೊಂದು ಮಾತಿನಿಂದ ಅವರ ಕೈಗೆ ಕೋಳ ಬೀಳುತ್ತದಲ್ಲ ಎಂದು ಕೊರಗಿದರು. "ನಾನು ಕೇಳಿಸಿದ್ದನ್ನ ಹೇಳಿದೆ, ಅದು ತಪ್ಪಾ?" ಎಂದು ಹೆಂಡತಿಯನ್ನು ಕೇಳಿದರು.

ಹೆಂಡತಿ ನರರೋಗದ ಡಾಕ್ಟ್ರು, ಈಗ ನಿವೃತ್ತರು. ಬೀದಿಯಲ್ಲಿ ಏನು ಕಳೆದರೂ, ಯಾರು ಸುಳ್ಳು ಹೇಳಿದರೂ ಜನ ಹತ್ತುತ್ತಿದ್ದುದು ಡಾಕ್ಟ್ರಮ್ಮನ ಮೆಟ್ಟಿಲನ್ನೇ.

"ಕೇಳಿಸಿದ್ದನ್ನ ಹೇಳಿದ್ದು ತಪ್ಪಲ್ಲ" ಎಂದರು ಡಾಕ್ಟ್ರಮ್ಮ. "ಅದರ ಅರ್ಥಾನೂ ನೀವೇ ಹೇಳಿಬಿಟ್ರಲ್ಲ, ಅದು ತಪ್ಪು. ಏಳಿ, ಆ ಮೇಜು ತೋರಿಸಿ."

ಕಾರ್ಖಾನೆಯಲ್ಲಿ ಅವರು ಒಡೆದ ಅಚ್ಚಿನ ಚೂರುಗಳನ್ನು ಒಂದೊಂದಾಗಿ ಜೋಡಿಸಿದರು. ಮೆದುಳಿನ ಬಲ ಅರ್ಧದ ಅಚ್ಚು ಅದು. ಒಳಮೈಯಲ್ಲಿ, ಮಾದರಿಯ ಮೇಲೆ ನೆಟ್ಟಗೆ ಮೂಡಲೆಂದು, 'ಮಾತು' ಎಂಬ ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಿತ್ತು. ಡಾಕ್ಟ್ರಮ್ಮ ಅದನ್ನೇ ನೋಡುತ್ತ ನಿಂತರು. "ಅಕ್ಕನ್ನ ನಾಳೆ ಠಾಣೆಗೆ ಬೇಡ, ಆಸ್ಪತ್ರೆಗೆ ಕರ್ಕೊಂಡು ಬನ್ನಿ ಅಂತ ಇನ್‌ಸ್ಪೆಕ್ಟರಿಗೆ ಹೇಳಿ. ಅಚ್ಚಿನವನೂ ಬರಲಿ" ಎಂದರು.

ಮರುದಿನ ಆಸ್ಪತ್ರೆಯಲ್ಲಿ ಎಲ್ಲರೂ ಯಜಮಾನರ ಮಂಚದ ಸುತ್ತ ನಿಂತರು. ಅಕ್ಕ ಮಾತ್ರ ಬಾಗಿಲ ಬಳಿಯೇ ಉಳಿದರು.

ಡಾಕ್ಟ್ರಮ್ಮ ನೀರಿನ ಲೋಟ ಎತ್ತಿ ಹಿಡಿದರು. "ಇದೇನು ಹೇಳಿ?"

"ಅಕ್ಕ" ಎಂದರು ಯಜಮಾನರು.

"ಇವರು ಯಾರು?" ಡಾಕ್ಟ್ರಮ್ಮ ಗಂಡನನ್ನು ಮುಂದಕ್ಕೆ ತಳ್ಳಿದರು.

"ಅಕ್ಕ."

ಮೀಸೆ ಹೊತ್ತ ಮೇಷ್ಟ್ರನ್ನು ನೋಡಿ ಇನ್‌ಸ್ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. ಯಜಮಾನರು ಮಾತ್ರ ತಲೆ ಅಲ್ಲಾಡಿಸುತ್ತ, ಅದಲ್ಲ ಅದಲ್ಲ ಎಂಬಂತೆ ಒದ್ದಾಡಿದರು. "ಎಡಗೈಲಿ ಮೂಗು ಮುಟ್ಟಿಕೊಳ್ಳಿ" ಎಂದಾಗ ತಕ್ಷಣ ಮುಟ್ಟಿಕೊಂಡರು.

"ನೋಡಿ, ಮಾತು ಅರ್ಥವಾಗುತ್ತೆ, ಆಡೋಕೆ ಆಗ್ತಿಲ್ಲ" ಎಂದರು ಡಾಕ್ಟ್ರಮ್ಮ. "ಹೆಚ್ಚಿನ ಜನಕ್ಕೆ ಮಾತು ಕಟ್ಟೋ ಜಾಗ ಮೆದುಳಿನ ಎಡ ಅರ್ಧದಲ್ಲಿ, ಕಣತಲೆ ಹಿಂದೆ ಇರುತ್ತೆ. ಇವರಿಗೆ ಪೆಟ್ಟು ಬಿದ್ದಿರೋದು ಅಲ್ಲೇ. ಬಲಗೈ ಆಡಿಸೋದೂ ಎಡ ಅರ್ಧವೇ, ಅದಕ್ಕೇ ಆ ಕೈ ಸೋತಿದೆ. ಇಂಥವರಿಗೆ ಒಂದೊಂದು ಸಲ ಒಂದೇ ಒಂದು ಪದ ಉಳಿದಿರುತ್ತೆ. ಏನು ಹೇಳಹೋದ್ರೂ ಬರೋದು ಅದೇ."

"ಹಾಗಾದ್ರೆ ಹೊಡೆದವರನ್ನ ಬೆರಳು ಮಾಡಿ ತೋರಿಸಲಿ" ಎಂದರು ಇನ್‌ಸ್ಪೆಕ್ಟರು.

"ನಿನ್ನೆ ಸಂಜೆಯೇ ಇಲ್ಲಿಗೆ ಬಂದು ಕೇಳಿದೆ. ಗೊತ್ತಿಲ್ಲ ಅಂತ ಕೈಯಾಡಿಸಿದ್ರು. ಮೆದುಳಿಗೆ ಪೆಟ್ಟಾದಾಗ ಆ ಗಳಿಗೆಯ ನೆನಪು ಗಟ್ಟಿಯಾಗೋಕೆ ಮುಂಚೆನೇ ಅಳಿಸಿಹೋಗಬಹುದು." ಡಾಕ್ಟ್ರಮ್ಮ ಅಚ್ಚಿನವನ ಕಡೆ ತಿರುಗಿದರು. "ಬರೀ ಒಂದು ಪದ ಉಳಿದಿರೋರು ನಿನ್ನ ಹತ್ರ ಅಷ್ಟು ಉದ್ದದ ವಾಕ್ಯ ಹೇಗಪ್ಪಾ ಹೇಳಿದ್ರು?"

ಅವನ ಮುಖ ಪ್ಲಾಸ್ಟರಿನಷ್ಟೇ ಬಿಳುಚಿಕೊಂಡಿತು. "ಪೆಟ್ಟು ಬಿದ್ದಿದ್ದು ಎಡಗಡೆ ಅಲ್ವಾ ಅಮ್ಮ, ಮಾತು ಇರೋದು ಬಲಗಡೆ..." ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ.

"ಅದೇ ನಿನ್ನ ತಪ್ಪು. ಅಚ್ಚಿನೊಳಗೆ ಎಲ್ಲಾ ತಿರುಗಿಯೇ ಕಾಣುತ್ತೆ. ಎಡ ಅರ್ಧದ ಅಚ್ಚು ಬಲದ ಹಾಗೆ ಇರುತ್ತೆ. ವರ್ಷಗಟ್ಟಲೆ ಅದನ್ನೇ ನೋಡಿ ನೋಡಿ ಮಾತು ಬಲಗಡೆ ಅಂತ ನಿನ್ನ ತಲೇಲಿ ಕೂತುಬಿಟ್ಟಿದೆ. ಹೊಸ ಅಚ್ಚಲ್ಲೂ ಬಲ ಅರ್ಧಕ್ಕೇ 'ಮಾತು' ಅಂತ ಕೆತ್ತಿದೀಯ. ಯಜಮಾನ್ರು ಅದನ್ನ ಕಂಡು ಒಡೆದ್ರು. ನೀನು ತಳ್ಳಿದೆ. ಪೆಟ್ಟು ಎಡಗಡೆ, ಮಾತಿಗೇನೂ ಆಗಿಲ್ಲ, ಆಡಿರಬಹುದು ಅಂತ ಜನ ನಂಬ್ತಾರೆ ಅಂದ್ಕೊಂಡು ಸುಳ್ಳು ಕಟ್ಟಿದೆ."

ಅವನು ಕುಸಿದು ಕುಳಿತ. "ತಿಂಗಳುಗಟ್ಟಲೆ ಕೂತು ಕೆತ್ತಿದ್ದೆ ಅಮ್ಮ. ಕಣ್ಣೆದುರೇ ಸುತ್ತಿಗೆ ಎತ್ತಿದ್ರು. ತಡೆಯೋಕೆ ಹೋದೆ, ತಳ್ಳಿಬಿಟ್ಟೆ. ಮೇಜಿನ ಅಂಚು ಬಡೀತು. ಬೆಳಿಗ್ಗೆ ಜಗಳ ಕೇಳಿಸಿತ್ತಲ್ಲ, ಅಕ್ಕನ ಹೆಸರು ಹೇಳಿದೆ."

ಆಗ ಅಕ್ಕ ಬಾಗಿಲ ಬಳಿಯಿಂದಲೇ ಅವನಿಗೆ ಹೇಳಿದರು. "ಜಗಳ ಯಾಕಾಯ್ತು ಗೊತ್ತೇನೋ? ನಿನ್ನ ಕೆಲಸದಿಂದ ತೆಗೀತೀನಿ ಅಂದ ನನ್ನ ತಮ್ಮ. ಹಳಬ, ಬೇಡ ಅಂದೆ. ಕೇಳಲಿಲ್ಲ. ಸಿಟ್ಟಲ್ಲಿ ಅವನಿಗೆ, ಇನ್ಮೇಲೆ ನಿನ್ನ ದನಿಯೇ ನನ್ನ ಕಿವಿಗೆ ಬೀಳೋದು ಬೇಡ ಅಂದುಬಿಟ್ಟೆ. ಹಾಗೇ ಆಗಿಹೋಯ್ತು."

ಅಚ್ಚಿನವನು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಬಿಕ್ಕಿದ. ಇನ್‌ಸ್ಪೆಕ್ಟರು ಅವನ ತೋಳು ಹಿಡಿದು ಹೊರಗೆ ಕರೆದೊಯ್ದರು.

ಮೇಷ್ಟ್ರು ಅಕ್ಕನ ಮುಂದೆ ನಿಂತು, "ನನ್ನ ಮಾತಿಂದ ನಿಮಗೆ..." ಎಂದು ತೊದಲಿದರು. ಅಕ್ಕ ಅವರತ್ತ ನೋಡಲೂ ಇಲ್ಲ. ಅವರ ಕಣ್ಣು ಡಾಕ್ಟ್ರಮ್ಮನ ಮೇಲಿತ್ತು.

"ಹಾಗಾದ್ರೆ ಅದಕ್ಕೆ ಅರ್ಥವೇ ಇಲ್ವಾ, ಡಾಕ್ಟ್ರಮ್ಮ? ಅವನು ನನ್ನ ಕರೀತಾ ಇಲ್ವಾ?"

ಡಾಕ್ಟ್ರಮ್ಮ ನೀರಿನ ಲೋಟವನ್ನು ಮಂಚದ ಪಕ್ಕ ಇಟ್ಟರು. ಅಕ್ಕನನ್ನು ಠಾಣೆಗೆ ಹೋಗದಂತೆ ಉಳಿಸಿದ ಸಾಕ್ಷಿಯೇ ಅವರ ಕೊನೆಯ ಸಮಾಧಾನವನ್ನೂ ಕಿತ್ತುಕೊಂಡಿತ್ತು. ಮೇಷ್ಟ್ರು ನಾಚಿಕೆಯಿಂದ ತಲೆ ತಗ್ಗಿಸಿದರು.

ಮಂಚದಿಂದ ಮತ್ತೆ "ಅಕ್ಕ" ಎಂಬ ದನಿ ಬಂತು. ನೀರು ಬೇಕಿತ್ತೋ, ದಿಂಬು ಸರಿಯಿರಲಿಲ್ಲವೋ, ಯಾರಿಗೆ ಗೊತ್ತು. ಅಕ್ಕ ಕಣ್ಣೊರೆಸಿಕೊಂಡು, ಬಾಗಿಲು ಬಿಟ್ಟು ಹೋಗಿ ತಮ್ಮನ ಪಕ್ಕ ಕುಳಿತರು.

"ಓ" ಎಂದರು. "ಇಲ್ಲೇ ಇದೀನಿ ಕಣೋ, ಹೇಳು."