ಇಬ್ಬರ ಅಳತೆ

"ಎಸೀಬೇಡಿ!"

ಕಸದ ಡಬ್ಬಿಯ ಮೇಲೆ ಬಗ್ಗಿಸಿದ ಪಾತ್ರೆಯನ್ನು ಯಾರೋ ಗಪ್ಪನೆ ಹಿಡಿದರು. ಗ್ರೀಸ್ ಮೆತ್ತಿದ ಬೆರಳುಗಳು. ಅವಳು ತಲೆ ಎತ್ತಿದಳು. ಕಟ್ಟಡದ ಲಿಫ್ಟ್ ರಿಪೇರಿಗೆ ಬಂದವನು.

"ನಿನ್ನೆಯ ಅನ್ನ," ಎಂದಳು.

"ಹಳಸಿದೆಯಾ?"

"ಇಲ್ಲ."

"ಮತ್ತೆ, ಪಾಪ, ಅದು ಮಾಡಿದ ತಪ್ಪೇನು?"

ಇಲ್ಲಿ ನಗಬೇಕು ಎಂದು ಅವಳಿಗೆ ಗೊತ್ತಾಯಿತು, ಅಷ್ಟೆ. ನಗು ಬರಲಿಲ್ಲ. ಗಂಡ ತೀರಿಕೊಂಡು ಎರಡು ವರ್ಷ. ಅಳುವೂ ಹಾಗೆಯೇ... ಪಕ್ಕದ ಮನೆಯಲ್ಲಿ ನಲ್ಲಿ ಸೋರುವ ಸದ್ದಿನಂತೆ, ಇತ್ತು, ಆದರೆ ತನ್ನದಲ್ಲ.

ದಿನವಿಡೀ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುವವಳು ಅವಳು. ಅಲ್ಲಿ ಒಂದು ಹೆಚ್ಚಾಗದು, ಒಂದು ಕಡಿಮೆಯಾಗದು. ಮನೆಗೆ ಬಂದರೆ ಮಾತ್ರ ಕೈ ತನ್ನಷ್ಟಕ್ಕೆ ತಾನೇ ಇಬ್ಬರ ಅಕ್ಕಿ ಅಳೆಯುತ್ತಿತ್ತು. ಒಬ್ಬರ ಪಾಲು ಉಳಿಯುತ್ತಿತ್ತು. ಎಸೆಯುತ್ತಿದ್ದಳು.

"ಈರುಳ್ಳಿ ಹೆಚ್ಚಿ ಹಾಕಿ, ಒಂದು ಹಿಡಿ ಹಿಟ್ಟು ಸೇರಿಸಿ. ಚೆನ್ನಾಗಿ ಹಿಸುಕಿ ಕಾವಲಿ ಮೇಲೆ ತಟ್ಟಿ," ಎಂದ ಅವನು. "ನಾಳೆ ಬಂದು ಕೇಳ್ತೀನಿ."

ಮಾಡಿದಳು. ತಿನ್ನಬೇಕೆನಿಸಲಿಲ್ಲ. ಅವನಿಗೇ ಕೊಟ್ಟಳು. ಅವನು ಸಲಕರಣೆ ಪೆಟ್ಟಿಗೆಯ ಮೇಲೆ ಕೂತು ತಿಂದ.

"ಅಡ್ಡಿಯಿಲ್ಲ ಮಾತ್ರೆ ಮೇಡಂ. ಉಪ್ಪು ಮಾತ್ರ ಇವತ್ತು ರಜೆ ಹಾಕಿದೆ."

ಲಿಫ್ಟ್ ಸರಿಹೋಯಿತು. ಅವನು ಬರುವುದು ನಿಲ್ಲಲಿಲ್ಲ. ಸಂಜೆ ಅಡುಗೆಮನೆಯ ಸಣ್ಣ ಮೇಜಿಗೆ ಎರಡು ತಟ್ಟೆ ಬಂದವು. ಒಣಗಿದ ಬ್ರೆಡ್ ಪುಡಿಯಾಗಿ ಬೇಯಿಸಿದ ಆಲೂಗಡ್ಡೆಯ ಮೈಗೆ ಅಂಟಿತು. ಮಿಕ್ಕ ಬೇಳೆ ಹಿಟ್ಟಿನೊಳಗೆ ಕಲಸಿಹೋಯಿತು. ಸೊಪ್ಪಿನ ದಂಟು, ಕ್ಯಾರೆಟ್ ಸಿಪ್ಪೆ ಕುದಿದು ಸೂಪಾಯಿತು. ಅವನು ಹಸಿಮೆಣಸಿನಕಾಯಿ ಕಚ್ಚಿಕೊಂಡು ಹರಟುತ್ತಿದ್ದ. ಅವಳು ಕೇಳುತ್ತಿದ್ದಳು. ಇಷ್ಟವಾಗುತ್ತಿದೆಯೇ ಎಂದು ತನ್ನನ್ನೇ ಕೇಳಿಕೊಂಡರೆ ಒಳಗಿನಿಂದ ಉತ್ತರ ಬರುತ್ತಿರಲಿಲ್ಲ...

ಒಂದು ಭಾನುವಾರ ಅವನು ಊಟಕ್ಕೆ ಕೂತಿದ್ದಾಗ ಅವಳ ಅಕ್ಕ ಬಂದಳು. ಅಕ್ಕನ ಬಾಯಿಗೆ ಬೀಗವಿಲ್ಲ.

"ಪರವಾಗಿಲ್ಲಪ್ಪಾ ನೀನು! ಇವಳ ಕೈಗೆ ಇನ್ನೂ ಇಬ್ಬರ ಅಳತೆಯೇ. ಗಂಡನ ಪಾಲು ದಿನಾ ಕಸಕ್ಕೆ ಹೋಗ್ತಿತ್ತು. ಈಗ ನಿನ್ನ ಹೊಟ್ಟೆಗೆ ಹೋಗ್ತಿದೆ!"

ಅವನ ಕೈ ತಟ್ಟೆಯಲ್ಲೇ ನಿಂತಿತು.

"ನನಗೋಸ್ಕರ ಒಂದು ಹಿಡಿ ಜಾಸ್ತಿ ಹಾಕ್ತೀರಿ ಅಂದ್ಕೊಂಡಿದ್ದೆ," ಎಂದ, ಅವಳ ಮುಖ ನೋಡುತ್ತಾ.

ಏನಾದರೂ ಹೇಳಬೇಕಿತ್ತು. ಹೇಳು, ಹೇಳು ಎಂದುಕೊಂಡಳು.

ಅವನು ತಟ್ಟೆ ತೊಳೆದಿಟ್ಟು ಹೊರಟುಹೋದ.

"ಅಯ್ಯೋ, ನಾನು ಅಂಥದ್ದೇನಂದೆ ಈಗ?" ಎಂದಳು ಅಕ್ಕ.

ಒಂಬತ್ತು ದಿನ ಅವನು ಬರಲಿಲ್ಲ. ಅವಳಿಗೆ ದುಃಖವೇನೂ ಆಗಲಿಲ್ಲ. ಎಂದಿನಂತೆ ಮಾಡಿದಳು, ಉಳಿದದ್ದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟಳು. ಒಂಬತ್ತನೆಯ ಸಂಜೆ ಹಾಲಿನ ಪ್ಯಾಕೆಟ್ ಇಡಲು ಜಾಗವಿರಲಿಲ್ಲ.

ಡಬ್ಬಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಒಂದೊಂದೇ ಮುಚ್ಚಳ ತೆಗೆದಳು. ಎಲ್ಲದರಲ್ಲೂ ಹಸಿಮೆಣಸಿನಕಾಯಿ. ಸಣ್ಣಗೆ ಹೆಚ್ಚಿದ್ದು, ಉದ್ದಕ್ಕೆ ಸೀಳಿದ್ದು.

ಗಂಡನಿಗೆ ಹೊಟ್ಟೆಹುಣ್ಣಿತ್ತು. ಹತ್ತು ವರ್ಷ ಈ ಮನೆಗೆ ಹಸಿಮೆಣಸಿನಕಾಯಿ ಕಾಲಿಟ್ಟಿರಲಿಲ್ಲ. ಅವಳಿಗೂ ಖಾರ ಸೇರದು. ಮತ್ತೆ ಯಾವಾಗಿನಿಂದ ಕೊಳ್ಳತೊಡಗಿದಳು? ಯಾರಿಗಾಗಿ? ಕೈ ಅವಳಿಗೊಂದು ಮಾತೂ ಹೇಳದೆ ಬೇರೊಬ್ಬನಿಗೆ ಅಡುಗೆ ಮಾಡುತ್ತಿತ್ತು!

ಎದೆಯಲ್ಲಿ ಏನಾದರೂ ಆಗುತ್ತದೆಂದು ಕಾದಳು. ಆಗಲಿಲ್ಲ. ಕಾಲು ಮಾತ್ರ ಚಪ್ಪಲಿ ಹುಡುಕಿತು.

ಎರಡು ಬೀದಿ ಆಚೆ ಅವನ ವರ್ಕ್‌ಶಾಪು. ತಂತಿ ಸುರುಳಿಗಳ ನಡುವೆ ಮೋಟರ್ ಬಿಚ್ಚುತ್ತಿದ್ದವನು ಎದ್ದು ನಿಂತ.

"ಲಿಫ್ಟ್ ಕೆಟ್ಟಿದೆಯಾ?"

"ನಮ್ಮನೆಯವರು ಹಸಿಮೆಣಸಿನಕಾಯಿ ತಿಂತಿರಲಿಲ್ಲ."

"...ಏನು?"

"ನೀವು ತಿಂತೀರಿ. ಒಂಬತ್ತು ಡಬ್ಬೀಲೂ ಅದೇ ಇದೆ."

ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ನನ್ನನ್ನ ನೋಡಿ ಪಾಪ ಅಂತ ಹೇಳ್ತಿದೀರಾ, ಮೇಡಂ?"

"ಪಾಪ ಅನ್ನೋಕೂ ನನ್ನೊಳಗೆ ಏನಾದ್ರೂ ಇರಬೇಕಲ್ಲ! ಪ್ರೀತಿ ಇದೆಯಾ ಅಂದ್ರೆ ಗೊತ್ತಿಲ್ಲ. ಮೆಣಸಿನಕಾಯಿ ಇದೆ."

ಅವನು ನಗಲಿಲ್ಲ. ಕಪಾಟಿನಿಂದ ಪೇಪರಿನಲ್ಲಿ ಸುತ್ತಿದ ಪೊಟ್ಟಣ ತಂದ. ಬಿಚ್ಚಿದರೆ ಪುಟ್ಟ ಪಾತ್ರೆ, ಅದರದೇ ಮುಚ್ಚಳ.

"ನಿಮ್ಮಕ್ಕ ಬಂದಿದ್ರಲ್ಲ, ಆವತ್ತೇ ತಂದೆ. ಕೊಡೋಕೆ ಧೈರ್ಯ ಸಾಲಲಿಲ್ಲ. ಒಬ್ಬರಿಗೆ ಸರಿಯಾಗುತ್ತೆ. ಇದರಲ್ಲಿ ಮಾಡಿದ್ರೆ ಏನೂ ಉಳಿಯಲ್ಲ, ಯಾರ ಹಂಗೂ ಇರಲ್ಲ. ನಿಮಗೆ ಬಲವಂತ ಆಗಬಾರದು... ತಗೊಳ್ಳಿ."

"ಬೇಡ."

"ಒಂದು ಸಲ ಕೈಯಲ್ಲಿ ಹಿಡಿದಾದ್ರೂ ನೋಡಿ..."

"ಹಿಡಿಯಲ್ಲ. ಬೇಡ ಅಂದ್ರೆ ಬೇಡ. ಇಬ್ಬರ ಅಕ್ಕಿ ಅದರಲ್ಲಿ ಹಿಡಿಸಲ್ಲ."