ಐವತ್ತೊಂದನೆಯ ಮಾರು

ನದಿಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ ಕಾಲ. ಆಗ ಹವಳಪುರವೆಂಬ ಒಂದು ರಾಜ್ಯವಿತ್ತು. ಅಲ್ಲಿ ಕಾರ್ಮುಸುಕನೆಂಬ ಮಾಂತ್ರಿಕ ತನ್ನ ಜೀವವನ್ನು ಒಂದು ಮಣಿಯಲ್ಲಿಟ್ಟು, ಆ ಮಣಿಯನ್ನು ನೀಲಿಮಡುವಿನ ಅಗಲಬಾಯಿ ಮೀನಿಗೆ ನುಂಗಿಸಿದ್ದ. ಎದುರು ನಿಂತವರನ್ನೆಲ್ಲ ಕಲ್ಲು ಮಾಡುತ್ತಿದ್ದ.

ಬೊಮ್ಮಣ್ಣನೆಂಬ ಬೆಸ್ತ ಆ ಮೀನನ್ನು ಹಿಡಿಯಲು ಹೊರಟ. ದಡದಲ್ಲಿ ನಿಂತು, ಎರಡು ತೋಳು ಚಾಚಿ ಗಾಳದ ದಾರವನ್ನು ಮಾರು ಮಾರಾಗಿ ಅಳೆದು, ಕೋಲಿನ ಪುಟ್ಟ ರಾಟೆಗೆ ಸುತ್ತಿದ. "ಐವತ್ತು" ಎಂದು ಸುತ್ತಿ ಮತ್ತೆ ತೋಳು ಚಾಚಿದಾಗ ಮಾಂತ್ರಿಕ ಬಂದು ಉಫ್ ಎಂದು ಊದಿದ. ಬೊಮ್ಮಣ್ಣ ತೋಳು ಚಾಚಿದಂತೆಯೇ ಕಲ್ಲಾದ. ಕಣ್ಣು ಮಾತ್ರ ಉಳಿಯಿತು.

"ಮೂರನೆಯ ದಿನ ಹೊತ್ತು ಮುಳುಗಿದರೆ ಕಣ್ಣೂ ಕಲ್ಲು" ಎಂದು ಮಾಂತ್ರಿಕ ನಗುತ್ತ ಹೋದ.

ತಂಗಿ ದೇವೀರಿ ಅಣ್ಣನ ಕಣ್ಣು ನೋಡಿದಳು. ಅವನ ಕಾಲ ಬಳಿ ಬಿದ್ದಿದ್ದ ರಾಟೆ ನೋಡಿದಳು. 'ಇದು ತೀರ ಚಿಕ್ಕದು' ಎಂದುಕೊಂಡು ದೊಡ್ಡ ರಾಟೆ ಹುಡುಕಿ ಹೋದಳು.

ಮೊದಲನೆಯ ದಿನ ದೈತ್ಯನ ಅಂಗಡಿ.

"ಈ ರಾಟೆಗೆ ಎಷ್ಟು ದಾರ ಹಿಡಿಸುತ್ತೆ?"

"ದಪ್ಪ ದಾರವಾದರೆ ನೂರು ಮಾರು. ಸಣ್ಣದಾದರೆ ಇನ್ನೂರು. ಸಣ್ಣದು ಹರಿದರೆ ನನ್ನ ಕೇಳಬೇಡ. ಯಾವುದು ಬೇಕವ್ವ?"

ದೇವೀರಿಗೆ ತಿಳಿಯಲಿಲ್ಲ. ದಪ್ಪ ದಾರ ಸುತ್ತಿಸಿಕೊಂಡು ಮಡುವಿಗೆ ಬಂದು ಗಾಳ ಬೀಸಿದಳು. ಮೀನು ಕಚ್ಚಿ ಓಡಿತು. ನೂರು ಮಾರೂ ಬಿಚ್ಚಿತು. ಮೀನು ಇನ್ನೊಂದೇ ಮಾರು ಎಳೆಯಿತು; ದಾರವನ್ನು ರಾಟೆಗೆ ಕಟ್ಟಿದ್ದ ಗಂಟು ಕಳಚಿ ಮೀನು ತಪ್ಪಿಸಿಕೊಂಡಿತು.

ಎರಡನೆಯ ದಿನ ಕುಳ್ಳನ ಅಂಗಡಿ.

"ದೈತ್ಯನ ಹತ್ತಿರ ಕೊಂಡೆಯಾ? ಅಯ್ಯೋ ಪೆದ್ದಿ! ಅವನ ತೋಳಿನ ನೂರು ಅಂದರೆ ನನ್ನ ತೋಳಿನ ನಾನೂರು. ನನ್ನ ರಾಟೆಗೆ ರೇಷ್ಮೆ ದಾರ ಎಂಟುನೂರು ಮಾರು ಹಿಡಿಸುತ್ತೆ!"

"ಹಾಗಾದರೆ ನನ್ನ ತೋಳಿಗೆ ಎಷ್ಟು?"

"ಅದನ್ನು ನಿನ್ನ ತೋಳನ್ನೇ ಕೇಳು!"

ದೇವೀರಿಗೆ ತಲೆ ಗಿರ್ರೆಂದಿತು. ಅದನ್ನೂ ಕೊಂಡಳು. ರೇಷ್ಮೆ ದಾರ ಹರಿಯಲಿಲ್ಲ. ಎಂಟುನೂರೂ ಬಿಚ್ಚಿದ ಮೇಲೆ ಮೀನು ಇನ್ನೊಂದೇ ಮಾರು ಎಳೆಯಿತು, ಗಂಟು ಕಳಚಿತು.

ಮೂರನೆಯ ದಿನ ಒಬ್ಬ ಅಜ್ಜಿಯ ಅಂಗಡಿ.

"ಸಾವಿರ ಮಾರು ಹಿಡಿಸುವ ರಾಟೆ ಇದೆಯಾ ಅಜ್ಜಿ?"

"ಇದೆ ಮಗಾ. ಸಾವಿರ ಸಾಕಾ?"

"ಗೊತ್ತಿಲ್ಲ. ನೂರಿದ್ದರೆ ನೂರೊಂದು ಓಡುತ್ತೆ. ಎಂಟುನೂರಿದ್ದರೆ ಎಂಟುನೂರೊಂದು. ನನಗೇನೂ ತಿಳಿಯುತ್ತಿಲ್ಲ."

"ಯಾರ ತೋಳಿನ ಒಂದು?"

ದೇವೀರಿ ಕಣ್ಣು ಮುಚ್ಚಿ, ಎರಡು ಸಲವೂ ಎಳೆದ ಆ ಕೊನೆಯ ಎಳೆತವನ್ನು ನೆನೆದಳು. "ದೈತ್ಯನಷ್ಟು ಉದ್ದವಲ್ಲ. ಕುಳ್ಳನಷ್ಟು ಗಿಡ್ಡವೂ ಅಲ್ಲ. ನನ್ನದಕ್ಕಿಂತ ಒಂದು ಗೇಣು ಹೆಚ್ಚು."

"ಅಷ್ಟು ತೋಳು ಯಾರಿಗಿದೆ?"

"ಅಣ್ಣನಿಗೆ" ಎಂದಳು ದೇವೀರಿ. ಹೇಳಿದ ಮೇಲೆ ಅವಳಿಗೇ ತಿಳಿಯಿತು. ಮಾಂತ್ರಿಕ ಅಣ್ಣನ ಲೆಕ್ಕವನ್ನು ನಡುವೆ ನಿಲ್ಲಿಸಿದ್ದ. ಎಣಿಸದೆ ಉಳಿದ ಆ ಒಂದು ಮಾರನ್ನೇ ಮೀನು ಓಡುತ್ತಿತ್ತು.

"ಹೋಗು, ನಿನಗೆ ನನ್ನ ರಾಟೆ ಬೇಡ" ಎಂದಳು ಅಜ್ಜಿ.

ದೇವೀರಿ ದಡಕ್ಕೆ ಓಡಿಬಂದಳು. ಅಣ್ಣನ ಎರಡು ಮುಷ್ಟಿಗಳ ನಡುವೆ ಆ ಮಾರುದ್ದ ದಾರ ಇನ್ನೂ ಬಿಗಿಯಾಗಿತ್ತು. ಬಲಮುಷ್ಟಿಯ ಬಳಿ ಅದನ್ನು ಕತ್ತರಿಸಿ, ಆ ತುದಿಯನ್ನು ಅಣ್ಣನ ಪುಟ್ಟ ರಾಟೆಯ ಬುಡಕ್ಕೆ ಬಿಗಿದಳು. ಇನ್ನೊಂದು ತುದಿ ಅಣ್ಣನ ಎಡಮುಷ್ಟಿಯಲ್ಲೇ ಇತ್ತು. ಆಮೇಲೆ ರಾಟೆಯ ದಾರದ ತುದಿಗೆ ಗಾಳ ಕಟ್ಟಿ ಬೀಸಿದಳು.

ಮೀನು ಕಚ್ಚಿತು. ಐವತ್ತು ಮಾರು ಬಿಚ್ಚಿತು. ರಾಟೆ ಬರಿದಾದ ಕೂಡಲೇ ದೇವೀರಿ ಕೋಲನ್ನು ಕೈಬಿಟ್ಟಳು. ಕೋಲು ನೀರಿನ ಕಡೆ ಒಂದು ಮಾರು ಸರಿಯಿತು. ಅಣ್ಣನ ಕಲ್ಲುಮುಷ್ಟಿ ಜಗ್ಗಿ ಹಿಡಿಯಿತು. ಮೀನು ನಿಂತಿತು. ಅದಕ್ಕೆ ಓಡಲು ಇನ್ನೇನೂ ಉಳಿದಿರಲಿಲ್ಲ.

ಸೂರ್ಯ ಮಡುವಿನ ಅಂಚು ಮುಟ್ಟಿದಾಗ ಅವಳು ಮೀನನ್ನು ದಡಕ್ಕೆಳೆದಳು. ಅದು ಬಾಯಿ ತೆರೆದು ಮಣಿಯನ್ನು ಉಗುಳಿತು. ದೇವೀರಿ ಕಲ್ಲೆತ್ತಿ ಮಣಿಯನ್ನು ಒಡೆದಳು. ಎಲ್ಲೋ ದೂರದಲ್ಲಿ ಕಾರ್ಮುಸುಕ ಬೂದಿಯಾದ. ರಾಜ್ಯದ ಕಲ್ಲುಗಳೆಲ್ಲ ಮನುಷ್ಯರಾಗಿ ಮೈಮುರಿದು ಎದ್ದವು.

ಬೊಮ್ಮಣ್ಣ ತೋಳು ಇಳಿಸಿದ.

"ಐವತ್ತೊಂದು" ಎಂದ.

ದೇವೀರಿ ಅಳುತ್ತ ನಕ್ಕಳು. ಮೀನನ್ನು ಇಬ್ಬರೂ ಸೇರಿ ಮಡುವಿಗೆ ಬಿಟ್ಟರು. ಅಂದಿನಿಂದ ಹವಳಪುರದಲ್ಲಿ ಎಲ್ಲರೂ ಸುಖವಾಗಿದ್ದರು. ಶುರು ಮಾಡಿದ ಲೆಕ್ಕ ಮುಗಿಯುವವರೆಗೂ ಯಾರೂ ಯಾರನ್ನೂ ಬಿಟ್ಟು ಹೋಗಲಿಲ್ಲ.